ನೀವು ಕೇಳಿದ್ದೀರಿ: ಗಟಾರ ನೀರಿಗೂ ಕಂಪನಿ ಬೇಕಾ?

ಪ್ರಶ್ನೆ: ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನು ಖಾಸಗಿಯವರಿಗೆ ಕೊಡೋದು ಒಳ್ಳೇದು ಅಂತಾರೆ. ಕಡೆಗೆ ನಮ್ಮ ಬಿಲ್ಲೇ ಜಾಸ್ತಿ ಆಗೋದು ಅಲ್ವಾ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಆಗಬಹುದು, ಆಗದೆಯೂ ಇರಬಹುದು. ಕರಾರಿನಲ್ಲಿ ಏನು ಬರೆದಿದೆ ಅನ್ನೋದರ ಮೇಲಿದೆ. 2008ರ ಹೊತ್ತಿಗೆ ನಮ್ಮೂರಿನ ಕೆಲವು ವಾರ್ಡ್‌ಗಳಲ್ಲಿ ದಿನವಿಡೀ ನಳದ ನೀರು ಕೊಡುವ ಪ್ರಯೋಗ ಶುರುವಾಯಿತಲ್ಲ, ಅದನ್ನು ನಡೆಸಿದ್ದೂ ಖಾಸಗಿ ಕಂಪನಿಯೇ. ಆದರೆ ಪೈಪು ಕಂಪನಿಯದ್ದಾಗಲಿಲ್ಲ, ದರ ನಿಗದಿ ಮಾಡುವ ಹಕ್ಕೂ ಅದಕ್ಕೆ ಹೋಗಲಿಲ್ಲ.

ನಳದ ನೀರಿಗೆ ಜನ ದುಡ್ಡು ಕೊಡುತ್ತಾರೆ. ಗಟಾರದ ನೀರಿಗೆ ಯಾರು ಕೊಡುತ್ತಾರೆ? ಹಾಗಾಗಿ ಇಲ್ಲಿ ಕಂಪನಿಗೆ ಹಣ ಕೊಡೋದು ಸರ್ಕಾರವೇ. ಗಂಗಾ ನದಿಯ ಊರುಗಳಿಗೆ 2016ರಲ್ಲಿ ಕೇಂದ್ರ ಒಪ್ಪಿದ ಪದ್ಧತಿ ನೋಡಿ: ಕಟ್ಟುವಾಗ ಖರ್ಚಿನ 40 ಪರ್ಸೆಂಟ್ ಕೊಡುತ್ತಾರೆ, ಉಳಿದ 60ನ್ನು 15 ವರ್ಷ ಬಡ್ಡಿ ಸಮೇತ ಕಂತಿನಲ್ಲಿ. ಹೊರಬರುವ ನೀರು ಕರಾರಿನಷ್ಟು ಶುದ್ಧ ಇರದಿದ್ದರೆ ಕಂತಿಗೇ ಕತ್ತರಿ. ನನಗೆ ಇದು ಹಿಡಿಸಿತು. ಕಟ್ಟಿ, ಬಿಲ್ ಎತ್ತಿ, ಬೀಗ ಹಾಕಿ ಹೋಗುವ ಗುತ್ತಿಗೆಯನ್ನು ನಾವು ಸಾಕಷ್ಟು ನೋಡಿದ್ದೇವೆ.

ಘಟಕ ನಡೆಸುವಾಗ ದೊಡ್ಡ ಖರ್ಚು ಕರೆಂಟಿನದು. ಕೊಳಚೆಗೆ ಗಾಳಿ ಊದುವ ಯಂತ್ರ ಹಗಲು ರಾತ್ರಿ ಓಡಬೇಕು. ಕಂಪನಿಯವರೇ ಕರೆಂಟ್ ಬಿಲ್ ಕಟ್ಟಬೇಕು ಅಂದರೆ ರಾತ್ರಿ ಸುಮ್ನೆ ಆಫ್ ಮಾಡುವ ಆಸೆ, ಪಾಲಿಕೆಯೇ ಕಟ್ಟುತ್ತದೆ ಅಂದರೆ ಮಿತವಾಗಿ ಬಳಸುವ ಚಿಂತೆಯೇ ಇಲ್ಲ. ಅದಕ್ಕೇ ಎಷ್ಟು ಯೂನಿಟ್ ಸಾಕು ಅಂತ ಟೆಂಡರಿನಲ್ಲೇ ಅವರಿಂದ ಬರೆಸಿಕೊಳ್ಳಬೇಕು, ಮೀರಿದ್ದು ಅವರ ತಲೆ ಮೇಲೆ.

ಇನ್ನೊಂದು, ಘಟಕಕ್ಕೆ ಕೊಳಚೆ ಬರಬೇಕಲ್ಲ! ಮನೆಗಳಿಗೆ ಒಳಚರಂಡಿ ಜೋಡಣೆ ಇಲ್ಲದಿದ್ದರೆ ಅದು ನಾಲೆ ಹಿಡಿದು ಹೋಗುತ್ತದೆ, ಘಟಕ ಖಾಲಿ. ಚೆನ್ನೈ ಪಕ್ಕದ ಆಲಂದೂರಿನಲ್ಲಿ ತೊಂಬತ್ತರ ದಶಕದ ಕೊನೆಗೆ ಮನೆಗೆ 5,000 ರೂಪಾಯಿಯಂತೆ ಮೊದಲೇ ಜನರಿಂದ ಕಟ್ಟಿಸಿಕೊಂಡರು. ಘಟಕದವರಿಗೆ ಮಾತ್ರ, ಇಷ್ಟು ಕೊಳಚೆಯ ದುಡ್ಡು ಬಂದೇ ಬರುತ್ತದೆ ಅಂತ ಭರವಸೆ ಕೊಡಬೇಕಾಯಿತು. ಈ ಷರತ್ತು ನಮ್ಮಲ್ಲೂ ಬಂದರೆ ಮೊದಲು ಜೋಡಣೆ ಎಷ್ಟು ಮನೆಗಿದೆ ಅಂತ ಕೇಳಿ. ಇಲ್ಲವಾದರೆ ಬಾರದ ಕೊಳಚೆಗೂ ನಾವೇ ದುಡ್ಡು ಕಟ್ಟಬೇಕು.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಸಣ್ಣ ಊರುಗಳಿಗೆ ಯಾವ ಕಂಪನಿ ಬರುತ್ತೆ?
– ಓದುಗರೊಬ್ಬರು, ಸುರಪುರ

ಉತ್ತರ: ಒಂದೊಂದೇ ಊರಿಗೆ ಅಂದರೆ ಬರೋದು ಕಷ್ಟ, ಲಾಭ ಇಲ್ಲ. ನಾಲ್ಕೈದು ಊರು ಸೇರಿಸಿ ಒಂದೇ ಗುತ್ತಿಗೆ ಕರೆದರೆ ಬಂದಾರು. ನಿಮ್ಮಲ್ಲಿ ಸೆಪ್ಟಿಕ್ ಟ್ಯಾಂಕ್ ಜಾಸ್ತಿ ಇದ್ದರೆ ದೊಡ್ಡ ಘಟಕವೇ ಬೇಡ. ದೇವನಹಳ್ಳಿಯಲ್ಲಿ 2015ರಿಂದ, ಟ್ಯಾಂಕರ್ ತಂದು ಸುರಿಯುವ ಮಲದ ಕೆಸರನ್ನೇ ಒಣಗಿಸಿ ಗೊಬ್ಬರ ಮಾಡುತ್ತಾರೆ. ಒಮ್ಮೆ ಪುರಸಭೆಯ ಸದಸ್ಯರನ್ನು ಬಸ್ಸು ಹತ್ತಿಸಿ ತೋರಿಸಿಕೊಂಡು ಬನ್ನಿ, ವಾಸನೆಗೆ ಹೆದರಬೇಡಿ.