ಪಟ್ಟಿ ಬಿಡಿ, ಉಪ್ಪಿನಿಂದ ಶುರುಮಾಡಿ

ಮಗಳ ಮೂರು ನಿಮಿಷದ ಭಾಷಣಕ್ಕೆ ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ಹುಡುಕಿದರೆ ಬರೀ ಪ್ರಶಸ್ತಿಗಳ ಪಟ್ಟಿಯೇ ಸಿಗುತ್ತಿದೆ, ಎಲ್ಲಿಂದ ಶುರುಮಾಡಿಸಲಿ ಅಂತ ಕೇಳಿದ್ದೀರಿ. 1930ರ ಮುಂಬಯಿಯಿಂದ ಶುರುಮಾಡಿಸಿ ಮೇಡಂ. ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಇರಲೇಬೇಕು ಅಂತ ಗಾಂಧೀಜಿಯ ಹತ್ತಿರವೇ ವಾದ ಮಾಡಿ ಒಪ್ಪಿಸಿದಾಕೆ ಇವರು. ಆಮೇಲೆ ಕಾನೂನು ಮುರಿದು ಮಾಡಿದ ಉಪ್ಪಿನ ಪೊಟ್ಟಣ ಹಿಡಿದು ಷೇರುಪೇಟೆಗೇ ನುಗ್ಗಿ ಮಾರಿದರು, ಜೈಲಿಗೂ ಹೋದರು. ಮಕ್ಕಳು ಕಣ್ಣರಳಿಸಿ ಕೇಳುವುದು ಇಂಥದ್ದನ್ನೇ.

ಹುಟ್ಟಿದ್ದು 1903ರಲ್ಲಿ, ನಮ್ಮ ಮಂಗಳೂರಿನಲ್ಲಿ. ಬಾಲವಿಧವೆ, ಮರುಮದುವೆಯಾದರು, ಮೂಕಿ ಚಿತ್ರದಲ್ಲಿ ನಟಿಸಿದರು. ಆ ಕಾಲಕ್ಕೆ ಎರಡೂ ದೊಡ್ಡ ಗುಲ್ಲೇ! 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ನಿಂತು ಕೂದಲೆಳೆಯಲ್ಲಿ ಸೋತರು. ಆ ಸೋಲನ್ನೂ ಹೇಳಿಸಿ, ಮುಚ್ಚಿಡಬೇಡಿ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ದೆಹಲಿ ಪಕ್ಕದ ಫರೀದಾಬಾದಿನ ಕೆಲಸ. ದೇಶ ವಿಭಜನೆಯಾದಾಗ ವಾಯವ್ಯ ಗಡಿನಾಡಿನಿಂದ (ಈಗ ಅದು ಪಾಕಿಸ್ತಾನದಲ್ಲಿದೆ) ಬಂದ ನಿರಾಶ್ರಿತರು ಅಲ್ಲಿ ತಮ್ಮ ಊರನ್ನು ತಾವೇ ಕಟ್ಟಿಕೊಂಡರು. ಆ ಕೆಲಸಕ್ಕೆ ಬೆನ್ನೆಲುಬಾಗಿ ನಿಂತದ್ದು ಇವರ ಸಹಕಾರಿ ಸಂಘಟನೆ. ಅನ್ನ ಹಾಕಿ ಸುಮ್ಮನಾಗಲಿಲ್ಲ, ದುಡಿಮೆ ಕೊಟ್ಟರು. ಕುಶಲಕರ್ಮಿಗಳ ವಿಷಯದಲ್ಲೂ ಅದೇ ಹಟ. 1952ರಲ್ಲಿ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ, ಕುಂಬಾರರು, ನೇಕಾರರು, ಕಂಚುಗಾರರು ಇರುವಲ್ಲಿಗೇ ಹೋಗುತ್ತಿದ್ದರು.

ಪ್ರಶಸ್ತಿ ಹೇಳಲೇಬೇಕಿದ್ದರೆ 1966ರ ಮ್ಯಾಗ್ಸೆಸೆ ಒಂದು ಸಾಕು. 1988ರಲ್ಲಿ ತೀರಿಕೊಂಡಾಗ ವಯಸ್ಸು 85. ಸಮಯ ಮೀರಿದರೆ ಸಿನಿಮಾದ ಮಾತು ಕತ್ತರಿಸಿ, ಉಪ್ಪಿನ ಪೊಟ್ಟಣ ಮಾತ್ರ ಬಿಡಬೇಡಿ.