ರೀಲ್ ಇಲ್ಲದ ಜಪಾನಿ ಗಾಳ ‘ತೆಂಕರಾ’: ಬೆಟ್ಟದ ಹಳ್ಳದಲ್ಲಿ ಹೊಸಬರು ಹೇಗೆ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಇದು: ಕೆಲಸದ ಮೇಲೆ ಜಪಾನಿನ ನಾಗೋಯಾಕ್ಕೆ ಬಂದಿದ್ದೀರಿ, ಗಿಫು ಕಡೆಯ ಬೆಟ್ಟದ ಹಳ್ಳಗಳಲ್ಲಿ ತೆಂಕರಾ ಕಲಿಯುವ ಆಸೆ ಇದೆ, ಮಲೆನಾಡಿನಲ್ಲಿ ಬಿದಿರ ಕಡ್ಡಿಗೆ ಎರೆಹುಳು ಸಿಕ್ಕಿಸಿ ಮೀನು ಹಿಡಿದ ಅಭ್ಯಾಸ ಇದೆ. ಅದು ಸಾಕೇ, ಏನೇನು ಕೊಳ್ಳಬೇಕು, ಎಲ್ಲಿ ತಪ್ಪಾಗುತ್ತದೆ?

ಕಡ್ಡಿಗಾಳ ಗೊತ್ತಿರುವುದು ಒಳ್ಳೆಯದೇ. ರೀಲ್ ಇಲ್ಲದೆ, ಕೋಲಿನ ತುದಿಗೇ ದಾರ ಕಟ್ಟಿ ಮೀನು ಹಿಡಿಯಬಹುದೆಂಬ ನಂಬಿಕೆ ನಿಮಗೆ ಆಗಲೇ ಇದೆ. ಆದರೆ ಅಲ್ಲಿ ಎರೆಹುಳು, ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ, ನಾವು ದಡದಲ್ಲಿ ಕೂತು ಕಾಯುತ್ತೇವೆ. ತೆಂಕರಾದಲ್ಲಿ ಎರೆ ಇಲ್ಲ; ಹುಳುವಿನ ಹಾಗೆ ಕಾಣಲು ಕೂದಲು-ಗರಿ ಕಟ್ಟಿದ ಕೊಕ್ಕೆಯೇ ಗಾಳ, ಅದಕ್ಕೆ ಹೇಳಿಕೊಳ್ಳುವಂಥ ಭಾರವಿಲ್ಲ. ದಾರದ ಭಾರವೇ ಗಾಳವನ್ನು ಹೊತ್ತೊಯ್ಯಬೇಕು. ಕೂರುವ ಮಾತೂ ಇಲ್ಲ. ಒಂದು ಜಾಗದಲ್ಲಿ ನಾಲ್ಕೈದು ಸಲ ಹಾಕಿ, ಮೀನು ಏಳದಿದ್ದರೆ ಹಳ್ಳದ ಮೇಲ್ಭಾಗಕ್ಕೆ ನಡೆಯುತ್ತಲೇ ಇರಬೇಕು.

ಒಂದು ಮಾತು ಮೊದಲೇ ಮನಸ್ಸಿಗೆ ಹತ್ತಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ: ದಾರ ನೀರಿಗೆ ತಾಗಬಾರದು. ಮೂರು ಮೀಟರ್ ಅಗಲದ ಹಳ್ಳದಲ್ಲೂ ಸೆಳವು ಒಂದೇ ಸಮ ಇರುವುದಿಲ್ಲ. ನಡುವೆ ರಭಸ, ಬಂಡೆಯ ಹಿಂದೆ ನಿಂತ ನೀರು, ಅಂಚಿನಲ್ಲಿ ತಿರುಗುನೀರು. ರಭಸದ ಮೇಲೆ ದಾರ ಬಿದ್ದರೆ ಅದು ಕೊಚ್ಚಿಹೋಗುತ್ತ ಆಚೆ ಬದಿಯ ಗಾಳವನ್ನೂ ಎಳೆಯುತ್ತದೆ. ನೀರಿಗೆ ಬಿದ್ದ ಹುಳು ಹಾಗೆ ಅಡ್ಡಡ್ಡ ಓಡುವುದಿಲ್ಲ, ಮೀನು ತಿರುಗಿಯೂ ನೋಡುವುದಿಲ್ಲ. ಉದ್ದ ಕೋಲು, ಹಗುರ ದಾರ ಎರಡೂ ಇರುವುದು ಇದಕ್ಕಾಗಿಯೇ. ಕೋಲಿನ ತುದಿಯನ್ನು ಎತ್ತಿ ಹಿಡಿದರೆ ದಾರ ಗಾಳಿಯಲ್ಲೇ ಉಳಿದು, ಕೊನೆಯ ತೆಳು ಎಳೆ ಮತ್ತು ಗಾಳ ಮಾತ್ರ ನೀರಿನಲ್ಲಿರುತ್ತವೆ. ಇಂಥದೇ ಕೃತಕ ಹುಳುವನ್ನು ರೀಲ್ ಕೋಲಿನಿಂದ ಬೀಸುವ ಪಾಶ್ಚಾತ್ಯ ಫ್ಲೈ ಗಾಳದ ದಪ್ಪ ದಾರವನ್ನು ಹೀಗೆ ಎತ್ತಿ ಹಿಡಿಯಲಾಗದು, ಅದು ತನ್ನ ಭಾರಕ್ಕೇ ಜೋತು ನೀರಿಗೆ ಬೀಳುತ್ತದೆ.

ಈ ವಿದ್ಯೆ ಹುಟ್ಟಿದ್ದು ಜಪಾನಿನ ಬೆಟ್ಟಸೀಮೆಯ ಮೀನುಗಾರರ ಕೈಯಲ್ಲಿ. ಅವರನ್ನು ಶೊಕುರ್‍ಯೋಶಿ ಎನ್ನುತ್ತಾರೆ. ಹಿಡಿದ ಇವಾನಾ ಮೀನನ್ನು ಬಿಸಿನೀರಿನ ಬುಗ್ಗೆಯ ಊರುಗಳ ವಸತಿಗೃಹಗಳಿಗೆ ಮಾರಿ ಬದುಕುತ್ತಿದ್ದವರು. ಬಿದಿರ ಕೋಲು, ಕುದುರೆ ಬಾಲದ ಕೂದಲು ಹೊಸೆದ ದಾರ, ಒಂದೆರಡು ಬಗೆಯ ಗಾಳ, ಇಷ್ಟೇ ಅವರ ಸರಂಜಾಮು. ಹೊರದೇಶಗಳಿಗೆ ಇದು ಹರಡಿದ್ದು ಈಚೆಗೆ. 2009ರಲ್ಲಿ ಡೇನಿಯಲ್ ಗಲ್ಹಾರ್ಡೊ ಅಮೆರಿಕದಲ್ಲಿ ತೆಂಕರಾ ಯುಎಸ್‌ಎ ಕಂಪನಿ ಶುರು ಮಾಡಿದರು. ಅದೇ ವರ್ಷ ನಾಗೋಯಾ ಇರುವ ಐಚಿ ಪ್ರಾಂತ್ಯದ ಪ್ರಾಧ್ಯಾಪಕ ಹಿಸಾವೊ ಇಶಿಗಾಕಿ ಅಲ್ಲಿಗೆ ಹೋಗಿ ಕಲಿಸಿದರು. ಗಾಳ ಬದಲಾಯಿಸುತ್ತ ಕಾಲ ಕಳೆಯಬೇಡಿ, ಒಂದೇ ಬಗೆಯ ಗಾಳ ಸಾಕು ಎಂಬುದು ಇಶಿಗಾಕಿಯವರ ಪಾಠ. ಹೊಸಬರಿಗೆ ಇದಕ್ಕಿಂತ ಉಪಯೋಗದ ಪಾಠ ಇನ್ನೊಂದಿಲ್ಲ.

ಕೋಲು 3.6 ಮೀಟರಿನದು ಕೊಳ್ಳಿ. ಮರಗಳು ಮೇಲೆ ಕಮಾನು ಕಟ್ಟಿದ ಕಿರಿದಾದ ಹಳ್ಳಕ್ಕೆ 3.3 ಮೀಟರ್ ಅನುಕೂಲ, ತೆರೆದ ಹೊಳೆಗೆ 3.9. ಎಲ್ಲವೂ ಒಂದರೊಳಗೊಂದು ಸೇರುವ ಕಾರ್ಬನ್ ಕೊಳವೆಗಳು. ಮಡಚಿದರೆ 50-60 ಸೆಂಟಿಮೀಟರ್, ತೂಕ ಬಹುತೇಕ 60ರಿಂದ 90 ಗ್ರಾಂ. ಕೋಲಿನ ಮೇಲೆ 5:5, 6:4, 7:3 ಎಂದು ಬರೆದಿರುತ್ತದೆ. ಬಾಗು ಎಲ್ಲಿಂದ ಶುರುವಾಗುತ್ತದೆ ಎಂಬುದರ ಸೂಚನೆ ಅದು: 7:3 ಎಂದರೆ ತುದಿಯ ಭಾಗ ಮಾತ್ರ ಬಾಗುವ ಬಿರುಸಿನ ಕೋಲು, 5:5 ಎಂದರೆ ನಡುವಿನಿಂದಲೇ ಬಾಗುವ ಮೆದು ಕೋಲು. ಹಗುರ ದಾರವನ್ನು ಕೋಲೇ ನಿಧಾನಕ್ಕೆ ಬೀಸಿಕೊಡಬೇಕಾದ್ದರಿಂದ 6:4 ಆರಿಸಿ. ಅಂಗಡಿಯಲ್ಲಿ ‘ಕೇರ್‍ಯೂ’ ಎಂಬ ಹೆಸರಿನ ಕೋಲುಗಳೂ ಪಕ್ಕದಲ್ಲೇ ಇರುತ್ತವೆ, ನೋಡಲು ಹೆಚ್ಚುಕಡಿಮೆ ಒಂದೇ. ಅವು ಎರೆ ಹಾಕುವ ಗಾಳಕ್ಕೆ ಮಾಡಿದವು, ದಾರ ಬೀಸಲು ಒಗ್ಗುವುದಿಲ್ಲ. ತೆಂಕರಾ ಎಂದು ಕತಕಾನಾ ಎಂಬ ಜಪಾನಿ ಲಿಪಿಯಲ್ಲಿ ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ.

ದಾರಕ್ಕೆ ‘ಲೆವೆಲ್ ಲೈನ್’ ಎನ್ನುತ್ತಾರೆ: ಉದ್ದಕ್ಕೂ ಒಂದೇ ದಪ್ಪದ ಫ್ಲೋರೋಕಾರ್ಬನ್ ಎಳೆ. ನೈಲಾನ್ ಯಾಕಲ್ಲ ಎಂದರೆ, ಅದೇ ದಪ್ಪದಲ್ಲಿ ಫ್ಲೋರೋಕಾರ್ಬನ್ ಸುಮಾರು ಒಂದೂವರೆ ಪಟ್ಟು ಭಾರ. ಆ ಭಾರವೇ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಜಪಾನಿ ಅಳತೆಯಲ್ಲಿ 3.5 ಸಂಖ್ಯೆಯದನ್ನು ಕೊಳ್ಳಿ. 3 ಇನ್ನೂ ಸೂಕ್ಷ್ಮ, ಆದರೆ ಸ್ವಲ್ಪ ಗಾಳಿ ಬೀಸಿದರೂ ಹೊಸಬರ ಕೈಗೆ ಸಿಗುವುದಿಲ್ಲ. 4 ಸುಲಭವಾಗಿ ಹಾರುತ್ತದೆ, ಆದರೆ ಹೆಚ್ಚು ಜೋಲುತ್ತದೆ. ಬಣ್ಣ ಕಿತ್ತಳೆ ಅಥವಾ ಗುಲಾಬಿ ಇರಲಿ, ಹಸಿರು ಕಾಡಿನ ಎದುರು ಎದ್ದು ಕಾಣಬೇಕು. ಉದ್ದ ಕೋಲಿನಷ್ಟೇ, ಅಥವಾ ಒಂದು ಗೇಣು ಹೆಚ್ಚು. ಅದರ ತುದಿಗೆ 1 ಮೀಟರ್ ತೆಳು ಎಳೆ, ಅಂದರೆ ಟಿಪೆಟ್: ಜಪಾನಿ ಅಳತೆಯಲ್ಲಿ 0.8 ಅಥವಾ 1. ಅಮೆರಿಕದ ಅಳತೆಯಲ್ಲಿ ಇದು ಸುಮಾರು 5ಎಕ್ಸ್, 0.15 ಮಿಲಿಮೀಟರ್ ದಪ್ಪ. ಗಟ್ಟಿಯಾಗಿರಲಿ ಎಂದು ಇದಕ್ಕಿಂತ ದಪ್ಪದ್ದನ್ನು ಕಟ್ಟಲೇಬೇಡಿ. ರೀಲ್ ಇಲ್ಲದ ಕೋಲಿನಲ್ಲಿ ದಾರ ಬಿಟ್ಟುಕೊಡಲು ಆಗುವುದಿಲ್ಲ. ಜಗ್ಗಾಟ ಮಿತಿ ಮೀರಿದಾಗ ಏನಾದರೊಂದು ಮುರಿಯಲೇಬೇಕು. ಮುರಿಯುವುದು ಟಿಪೆಟ್ ಆದರೆ ಒಂದು ಗಾಳ ನಷ್ಟ, ಕೋಲಿನ ತುದಿಯಾದರೆ ಆ ದಿನವೇ ಮುಗಿಯಿತು.

ಕೋಲಿನ ತುದಿಯಲ್ಲಿ ಲಿಲಿಯನ್ ಎಂಬ, ಸಾಮಾನ್ಯವಾಗಿ ಕೆಂಪು ಬಣ್ಣದ ಹೆಣೆದ ದಾರದ ತುಂಡು ಇರುತ್ತದೆ. ಅದರ ಕೊನೆಗೆ ಒಂದು ಗಂಟು ಹಾಕಿಡಿ. ಲೆವೆಲ್ ಲೈನಿನ ತುದಿಯಲ್ಲಿ ಎಂಟರ ಆಕಾರದ ಗಂಟಿನಿಂದ ಮೂರು ಸೆಂಟಿಮೀಟರಿನ ಕುಣಿಕೆ ಮಾಡಿ. ಕುಣಿಕೆಯೊಳಗೆ ಎರಡು ಬೆರಳು ತೂರಿಸಿ ಅದನ್ನು ದಾರದ ಮೇಲೆ ಹಿಂದಕ್ಕೆ ಮಡಚಿದರೆ ಪಕ್ಕಪಕ್ಕ ಎರಡು ಉಂಗುರ ಆಗುತ್ತವೆ. ಎರಡರೊಳಗೂ ಲಿಲಿಯನ್ ತೂರಿಸಿ ಎಳೆದರೆ ಬಿಗಿಯುತ್ತದೆ, ತುದಿಯ ಗಂಟು ಜಾರದಂತೆ ತಡೆಯುತ್ತದೆ. ದಾರ ಕಟ್ಟುವಾಗ ಕೋಲನ್ನು ಬಿಚ್ಚಿರಬಾರದು; ತುದಿ ಎರಡು ಬೆರಳಿನಷ್ಟು ಮಾತ್ರ ಹೊರಗಿರಲಿ. ಆಮೇಲೆ ತೆಳು ಕೊಳವೆಯಿಂದ ಶುರು ಮಾಡಿ ಒಂದೊಂದಾಗಿ ಎಳೆಯಿರಿ, ಹಿಡಿಯ ಹತ್ತಿರದ್ದು ಕೊನೆಗೆ. ಮಡಚುವಾಗ ತಿರುಗುಮುರುಗು: ದಪ್ಪದ್ದು ಮೊದಲು. ಕೀಲಿನ ಎರಡೂ ಬದಿ ಹತ್ತಿರ ಹಿಡಿದು ನೇರಕ್ಕೆ ಒತ್ತಬೇಕು. ದೂರ ಹಿಡಿದು ಒತ್ತಿದರೆ ಕೊಳವೆ ಬಾಗಿ ಟಪ್ ಎಂದು ಮುರಿಯುತ್ತದೆ. ತೆಂಕರಾ ಕೋಲುಗಳು ಮೀನಿನಿಂದ ಮುರಿಯುವುದಕ್ಕಿಂತ ಹೆಚ್ಚಾಗಿ ಇಂಥ ಕೈತಪ್ಪಿನಿಂದಲೇ ಮುರಿಯುತ್ತವೆ.

ಗಾಳಕ್ಕೆ ಇಲ್ಲಿ ಕೆಬಾರಿ ಎನ್ನುತ್ತಾರೆ, ಅಂದರೆ ಕೂದಲು-ಗರಿ ಕಟ್ಟಿದ ಕೊಕ್ಕೆ. 12ನೇ ಸಂಖ್ಯೆಯ, ಹಿಮ್ಮುಳ್ಳಿಲ್ಲದ ಕೊಕ್ಕೆಯದನ್ನು ಆರು ಕೊಂಡರೆ ಒಂದು ದಿನಕ್ಕೆ ಸಾಕು. ‘ಸಾಕಾಸಾ ಕೆಬಾರಿ’ ಎಂಬುದರಲ್ಲಿ ಗರಿಗಳು ಕೊಕ್ಕೆಯ ಬಾಗಿನ ಕಡೆಗಲ್ಲ, ದಾರ ಪೋಣಿಸುವ ಕಣ್ಣಿನ ಕಡೆಗೆ, ಉಲ್ಟಾ ಬಾಗಿರುತ್ತವೆ. ಕೋಲಿನ ತುದಿಯನ್ನು ಮೆಲ್ಲಗೆ ಮಿಡಿದಾಗ ಆ ಗರಿಗಳು ಬಿಚ್ಚಿ ಮುಚ್ಚುತ್ತವೆ, ಕಾಲಾಡಿಸುವ ಹುಳುವಿನ ಹಾಗೆ. ಸೆಳವಿನಲ್ಲಿ ನೀರನ್ನೂ ಹಿಡಿದುಕೊಳ್ಳುತ್ತವೆ. ಇದು ಯಾವುದೋ ಒಂದು ಹುಳುವಿನ ಪಡಿಯಚ್ಚಲ್ಲ. ಬೆಟ್ಟದ ಹಳ್ಳದಲ್ಲಿ ಆಹಾರ ಕಡಿಮೆ, ಸೆಳವು ಜೋರು; ತೇಲಿ ಬಂದದ್ದನ್ನು ಮೀನು ಅರೆಕ್ಷಣದಲ್ಲಿ ಬಾಯಿಗೆ ಹಾಕಿಕೊಂಡು ನೋಡುತ್ತದೆ. ಹಾಗಾಗಿ ಹುಳುವಿನ ಜಾತಿಗಿಂತ ಅದರ ನಡೆ ಮುಖ್ಯ.

ಬೀಸುವುದನ್ನು ಹಳ್ಳಕ್ಕೆ ಹೋಗುವ ಮೊದಲೇ, ನದಿಯಂಚಿನ ಬಯಲಲ್ಲಿ ಕಲಿಯಿರಿ. ಕೊಕ್ಕೆ ಕತ್ತರಿಸಿದ ಕೆಬಾರಿ ಕಟ್ಟಿ, ಐದಾರು ಮೀಟರ್ ದೂರದಲ್ಲಿ ಟೋಪಿ ಇಟ್ಟು ಅದರೊಳಗೆ ಹಾಕಿ ನೋಡಿ. ಹಿಡಿಯ ಮೇಲೆ ತೋರುಬೆರಳು ಚಾಚಿರಲಿ, ಮೊಳಕೈ ಮೈಗೆ ಹತ್ತಿರ. ಗಡಿಯಾರದ ಮುಳ್ಳೆಂದುಕೊಂಡರೆ ಕೋಲು ಹತ್ತು ಗಂಟೆಯಿಂದ ಹನ್ನೆರಡಕ್ಕೆ ಚುರುಕಾಗಿ ಎದ್ದು ಗಕ್ಕನೆ ನಿಲ್ಲಬೇಕು. ದಾರ ಹಿಂದಕ್ಕೆ ನೇರವಾಗುವಷ್ಟು ತಡೆದು, ಮತ್ತೆ ಹತ್ತಕ್ಕೆ ತಂದು ನಿಲ್ಲಿಸಿ. ಅಷ್ಟೇ. ಮುಂದಿನ ನಿಲುಗಡೆ ಎತ್ತರದಲ್ಲೇ ಇರಬೇಕು. ಎಂಟೊಂಬತ್ತರವರೆಗೆ ಇಳಿಸಿದರೆ ದಾರವೆಲ್ಲ ನೀರಿಗೆ ಬೀಳುತ್ತದೆ. ಹಿಂದೆ ಎರಡು ಗಂಟೆಯವರೆಗೆ ಹೋದರೆ ಗಾಳ ಹುಲ್ಲಿಗೋ ಜರೀಗಿಡಕ್ಕೋ ಸಿಕ್ಕುತ್ತದೆ. ಬೀಸುವಾಗ ಚಾಟಿಯ ಹಾಗೆ ಚಟ್ ಎಂದು ಸದ್ದಾದರೆ ದಾರ ಹಿಂದೆ ನೇರವಾಗುವ ಮೊದಲೇ ಮುಂದಕ್ಕೆ ಎಳೆದಿರಿ ಎಂದರ್ಥ. ಹೀಗೆ ನಾಲ್ಕೈದು ಸಲ ಆದರೆ ಕೆಬಾರಿ ಕಿತ್ತು ಹೋಗಿರುತ್ತದೆ. ಗಾಳ ಮುಂದೆ ಹೋಗಿ ಹಿಂದಕ್ಕೆ ಪುಟಿದರೆ ಬಲ ಹೆಚ್ಚಾಯಿತು. ಬಹುತೇಕ ಎಲ್ಲರ ತಪ್ಪೂ ಬಲ ಹೆಚ್ಚಾಗುವುದೇ.

ಮೀನು ಸೆಳವಿಗೆ ಎದುರು ಮುಖ ಮಾಡಿ ನಿಂತಿರುತ್ತದೆ. ಅದರ ಹಿಂದಿನಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ, ಬಗ್ಗಿಕೊಂಡು ಬನ್ನಿ. ಮಡುವಿನ ಎದುರು ನಿಂತ ಕೂಡಲೇ ಅಬ್ಬಿ ಬೀಳುವ ಜಾಗಕ್ಕೆ ಗಾಳ ಹಾಕುವ ಆಸೆ ಆಗುತ್ತದೆ. ಹಾಗೆ ಮಾಡಿದರೆ ಮಡುವಿನ ಕೊನೆಯಲ್ಲಿ, ನೀರು ತೆಳುವಾಗುವ ಜಾಗದಲ್ಲಿ ನಿಂತ ಮೀನು ಬೆದರಿ ಮೇಲಕ್ಕೆ ಓಡುತ್ತದೆ, ಅದರ ಹಿಂದೆ ಉಳಿದವೂ ಬಂಡೆಯಡಿ ಸೇರುತ್ತವೆ. ಮೊದಲು ಆ ಕೊನೆಗೆ, ಆಮೇಲೆ ರಭಸ ಮತ್ತು ನಿಂತ ನೀರು ಸೇರುವ ಗೆರೆಗೆ, ಆಮೇಲೆ ಬಂಡೆಯ ಮುಂದೆ-ಹಿಂದೆ, ಕೊನೆಗೆ ಅಬ್ಬಿಯ ಬುಡಕ್ಕೆ. ಅಬ್ಬಿಯ ಬುಡದಲ್ಲಿ ಭಾರದ ಗಾಳ ಬೇಕಿಲ್ಲ: ಬೀಳುವ ನೀರಿನಲ್ಲೇ ಕೆಬಾರಿ ಹಾಕಿ ದಾರ ಸ್ವಲ್ಪ ಸಡಿಲ ಬಿಟ್ಟರೆ ನೀರೇ ಅದನ್ನು ತಳಕ್ಕೆ ಒಯ್ಯುತ್ತದೆ. ಇವಾನಾ ಇಂಥ ಆಳ, ಬಂಡೆಯ ಸಂದು ಇಷ್ಟಪಡುತ್ತದೆ. ಮೈಮೇಲೆ ಕೆಂಪು ಚುಕ್ಕಿಯ ಅಮಾಗೋ ಎಂಬ ಇನ್ನೊಂದು ಮೀನು ಸೆಳವಿನಲ್ಲೇ ಇರುತ್ತದೆ. ಇವಾನಾಗಿಂತ ಬಹಳ ಚುರುಕು, ಬಾಯಿಗೆ ಹಾಕಿಕೊಂಡು ತಕ್ಷಣ ಉಗುಳುತ್ತದೆ.

ಮೊದಲ ಎರಡು ಸಲ ಗಾಳವನ್ನು ಸೆಳವಿನ ಜೊತೆ ಸುಮ್ಮನೆ ತೇಲಿಬಿಡಿ, ಮೂರ್ನಾಲ್ಕು ಸೆಕೆಂಡು ಸಾಕು. ಮೀನು ಏಳದಿದ್ದರೆ ಮುಂದಿನ ಸಲ ತುದಿಯನ್ನು ಒಂದೆರಡು ಇಂಚು ಮಿಡಿಯಿರಿ. ಆಮೇಲೆ ಬಂಡೆಯ ಪಕ್ಕದಲ್ಲಿ ಗಾಳವನ್ನು ಒಂದೇ ಕಡೆ ತಡೆದು ನಿಲ್ಲಿಸಿ ನೋಡಿ. ರೀಲ್ ಗಾಳದವರಿಗೆ ಇದು ಕಷ್ಟ, ನಿಮಗೆ ಸಲೀಸು. ಮೀನು ಕಚ್ಚಿದ್ದು ಯಾವಾಗಲೂ ಕೈಗೆ ತಿಳಿಯುವುದಿಲ್ಲ. ಬಣ್ಣದ ದಾರ ತಡೆದು ನಿಂತರೆ, ಪಕ್ಕಕ್ಕೆ ಸರಿದರೆ, ನೀರಿನೊಳಗೆ ಮಿಂಚು ಕಂಡರೆ ಮಣಿಕಟ್ಟಿನಿಂದ ತುದಿ ಎತ್ತಿ. ತೋಳಿನಿಂದ ಎಳೆದರೆ ಚಿಕ್ಕ ಮೀನು ತಲೆಯ ಮೇಲಿಂದ ಹಾರಿ ಮರಕ್ಕೆ ಸಿಕ್ಕಿಕೊಳ್ಳುತ್ತದೆ.

ಸಿಕ್ಕ ಮೀನನ್ನು ರಭಸದಿಂದ ನಿಂತ ನೀರಿಗೆ ತಂದು, ಕೋಲನ್ನು ಹಿಂದಕ್ಕೆ ವಾಲಿಸಿ, ದಾರವನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಲೆಗೆ ಇಳಿಸಿ. ದಾರ ಕೋಲಿಗಿಂತ ಬಹಳ ಉದ್ದ ಇರಬಾರದೆಂದದ್ದು ಇದಕ್ಕೆ. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಗಾಳ ಬಂಡೆಗೋ ಕೊಂಬೆಗೋ ಸಿಕ್ಕಿದರೆ ಕೋಲನ್ನು ಬಾಗಿಸಿ ಜಗ್ಗಬೇಡಿ. ಕೋಲನ್ನು ಮಡಚಿ, ದಾರವನ್ನು ಬಟ್ಟೆ ಸುತ್ತಿದ ಕೈಯಿಂದ ನೇರ ಎಳೆಯಿರಿ. ಕಿತ್ತ ಎಳೆಯನ್ನು ಜೇಬಿಗೆ ಹಾಕಿಕೊಳ್ಳಿ, ಫ್ಲೋರೋಕಾರ್ಬನ್ ಕೊಳೆಯುವ ವಸ್ತುವಲ್ಲ. ಟಿಪೆಟ್ ಮೇಲೆ ಆಗಾಗ ಬೆರಳು ಓಡಿಸಿ ನೋಡಿ. ಸಣ್ಣ ಗಂಟು ಸಿಕ್ಕರೆ ಬದಲಾಯಿಸಿ, ಒಳ್ಳೆಯ ಮೀನು ತಪ್ಪುವುದು ಅಲ್ಲೇ.

ಪರವಾನಗಿ ಇಲ್ಲದೆ ಗಾಳ ಹಾಕಬೇಡಿ. ಆಯಾ ಹೊಳೆಯ ಮೀನುಗಾರರ ಸಹಕಾರಿ ಸಂಘ, ಇಲ್ಲಿಯ ಮಾತಿನಲ್ಲಿ ಗ್ಯೋಕ್ಯೋ, ದಿನದ ಮತ್ತು ವರ್ಷದ ಚೀಟಿ ಕೊಡುತ್ತದೆ. ಹಳ್ಳದ ಹತ್ತಿರದ ಅಂಗಡಿಗಳಲ್ಲೂ ಸಿಗುತ್ತದೆ. ಬಹುತೇಕ ಕಡೆ ಮಾರ್ಚ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಅವಕಾಶ, ಉಳಿದ ತಿಂಗಳು ಮೊಟ್ಟೆಯಿಡುವ ಮೀನಿಗೆ ಬಿಟ್ಟದ್ದು. 15 ಸೆಂಟಿಮೀಟರಿಗಿಂತ ಚಿಕ್ಕದನ್ನು ಬಿಡಬೇಕೆಂಬ ನಿಯಮ ಹಲವು ಕಡೆ ಇದೆ. ಚೀಟಿಯ ಹಿಂದೆ ಬರೆದದ್ದನ್ನು ಓದಿಸಿಕೊಳ್ಳಿ. ನಿಮಗೆ ಹತ್ತಿರದ ಗಿಫುವಿನ ಇತೊಶಿರೊ ಕಡೆ ಹಿಡಿದು ಬಿಡಬೇಕಾದ ಹಳ್ಳದ ಭಾಗವೂ ಇದೆ, ಕಲಿಯಲು ಒಳ್ಳೆಯ ಜಾಗ. ಮುಂದೆ ಯಾರಾದರೂ ಮೇಲಕ್ಕೆ ಹೋಗುತ್ತಿದ್ದರೆ ಅವರನ್ನು ಸುತ್ತುಹಾಕಿ ದಾಟಿ ಅವರ ಮುಂದೆ ಹಳ್ಳಕ್ಕೆ ಇಳಿಯಬಾರದು. ಇದಕ್ಕೆ ‘ಅತಾಮಾಹಾನೆ’ ಎಂಬ ಹೆಸರೇ ಇದೆ, ಬಹಳ ಕೆಟ್ಟ ನಡತೆ ಎಂದು ಎಣಿಕೆ. ಬೇರೆ ಹಳ್ಳ ಹುಡುಕಿ.

ಬಂಡೆಗಳ ಮೇಲೆ ಪಾಚಿ ಜಾಸ್ತಿ. ಫೆಲ್ಟ್ ಅಡಿಯ ಬೂಟು ಬೇಕೇ ಬೇಕು. ಕರಡಿ ಸದ್ದು ಕೇಳಿ ದೂರ ಹೋಗಲೆಂದು ನಿಮ್ಮ ಚೀಲಕ್ಕೆ ಗಂಟೆ ಕಟ್ಟಿಕೊಳ್ಳಿ. ನೀರು ಇದ್ದಕ್ಕಿದ್ದಂತೆ ಕದಡಿ ಎಲೆ-ಕಡ್ಡಿ ತೇಲಿ ಬಂದರೆ ಮೇಲೆಲ್ಲೋ ಮಳೆಯಾಗಿದೆ, ಆ ಕ್ಷಣವೇ ದಡ ಹತ್ತಿ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ: ಗುಡುಗು ಕೇಳಿದ ಕೂಡಲೇ ಮಡಚಿಡಿ, ವಿದ್ಯುತ್ ತಂತಿಯ ಕೆಳಗೆ ಬಿಚ್ಚಲೇಬೇಡಿ. ಮನೆಗೆ ಬಂದ ಮೇಲೆ ಬುಡದ ಮುಚ್ಚಳ ತಿರುಗಿಸಿ ತೆಗೆದು, ಕೊಳವೆಗಳನ್ನು ಬೇರ್ಪಡಿಸಿ ಒರೆಸಿ ಒಣಗಿಸಿ. ಮರಳು, ತೇವ ಉಳಿದರೆ ಮುಂದಿನ ಸಲ ಕೀಲು ಕಚ್ಚಿಕೊಳ್ಳುತ್ತದೆ.

ಈ ಕೋಲನ್ನು ಊರಿಗೆ ತಂದರೆ ಎಲ್ಲಿ ಬಳಸಬಹುದೆಂದೂ ಯೋಚಿಸಿರಬಹುದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗಿನ ಹಳ್ಳಗಳಿಗೆ ಇಳಿಯಬೇಡಿ. ಶೃಂಗೇರಿ, ಶಿಶಿಲದಂಥ ದೇವರ ಮೀನಿನ ಜಾಗಗಳ ಮಾತಂತೂ ಎತ್ತುವಂತಿಲ್ಲ. ಭಾರತದಲ್ಲಿ ಇದಕ್ಕೆ ಹೇಳಿ ಮಾಡಿಸಿದ ನೀರು ಹಿಮಾಚಲದ ತೀರ್ಥನ್ ಮತ್ತು ಬರೋಟ್ ಬಳಿಯ ಊಹ್ಲ್ ಹೊಳೆ. ಅಲ್ಲಿ ಬ್ರೌನ್ ಟ್ರೌಟ್ ಇದೆ, ರಾಜ್ಯದ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ನವೆಂಬರ್‌ನಿಂದ ಫೆಬ್ರವರಿವರೆಗೆ ನಿಷೇಧ. ಹೊಳೆ ಅಗಲವಾದ್ದರಿಂದ 3.9 ಮೀಟರಿನ ಕೋಲು ಒಯ್ಯಿರಿ.