ತಾತನ ಹೆಸರಿನ ಎರಡು ಎಕರೆ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು, ಪರಿಶಿಷ್ಟ ಜಾತಿಯ ಕುಟುಂಬ. 1964ರಲ್ಲಿ ಸರ್ಕಾರ ನಮ್ಮ ತಾತನಿಗೆ 2 ಎಕರೆ ಕೊಟ್ಟಿತ್ತು. ಏಳೆಂಟು ವರ್ಷದ ಮೇಲೆ ಅತ್ತೆ ಮದುವೆ ಖರ್ಚಿಗೆ ಅಂತ ಪಕ್ಕದ ತೋಟದವರಿಗೆ ಬರೆದುಕೊಟ್ಟರಂತೆ. ಈಗ ಅಲ್ಲಿ ಕಾಫಿ ಇದೆ. ನಮ್ಮ ಹತ್ತಿರ ಇರೋದು ಹರಿದ ಸಾಗುವಳಿ ಚೀಟಿ (ಜಮೀನು ಮಂಜೂರಾದ ಪತ್ರ) ಮಾತ್ರ. ಹಳೇ ಮಂಜೂರಾತಿಗಳ ಬಗ್ಗೆ ಸದನ ಸಮಿತಿ ಮಾಡಬೇಕು ಅಂತ ಊರಲ್ಲಿ ಮನವಿಗೆ ಸಹಿ ಹಾಕಿಸುತ್ತಿದ್ದಾರೆ. ಹಾಕಲಾ ಸಾರ್? ಸಮಿತಿ ಬಂದರೆ ಜಮೀನು ವಾಪಸ್ ಬರುತ್ತಾ?
— ಒಬ್ಬ ಓದುಗಿ

ಉತ್ತರ: ಸಹಿ ಹಾಕಿ ತಂಗಿ. ಆದರೆ ಸಮಿತಿ ಬರಲಿ ಅಂತ ಕಾಯುತ್ತಾ ಕೂರಬೇಡಿ.

ಸದನ ಸಮಿತಿ ಅಂದರೆ ಶಾಸಕರ ಸಮಿತಿ, ಕೋರ್ಟಲ್ಲ. ಅಧಿಕಾರಿಗಳನ್ನು ಕಡತದ ಸಮೇತ ಕರೆಸಬಹುದು, ಪ್ರಶ್ನೆ ಕೇಳಬಹುದು, ಸದನಕ್ಕೆ ವರದಿ ಕೊಡಬಹುದು. ನಿಮ್ಮ ಜಮೀನನ್ನು ನಿಮಗೆ ಬಿಡಿಸಿಕೊಡಲು ಅದಕ್ಕೆ ಆಗುವುದಿಲ್ಲ. ಹಾಗಂತ ಅದು ಸುಮ್ನೆ ಅಂತ ನಾನು ಹೇಳುವುದಿಲ್ಲ. ನಮ್ಮ ಹಾಸನ ಜಿಲ್ಲೆಯವರೇ, ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿ ಒತ್ತುವರಿಯನ್ನು ಲೆಕ್ಕ ಹಾಕಿ 2007ರಲ್ಲಿ ವರದಿ ಕೊಟ್ಟಿತು. 27 ಸಾವಿರ ಎಕರೆಗೂ ಜಾಸ್ತಿ ಅಂತ ಲೆಕ್ಕ ಹೊರಗೆ ಬಂತು. ಅಲ್ಲಿಯವರೆಗೆ ಎಲ್ಲರೂ ಗುಸುಗುಸು ಮಾತಾಡುತ್ತಿದ್ದದ್ದು ಆಮೇಲೆ ಕಾಗದದ ಮೇಲೆ ನಿಂತಿತು.

ಮಂಜೂರಾತಿ ಜಮೀನಿಗೂ ಅಂಥ ಲೆಕ್ಕ ಬೇಕು. ಒಂದೊಂದು ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಕೊಟ್ಟರು? ಎಷ್ಟಕ್ಕೆ ಪೋಡಿ ಆಯಿತು, ಅಂದರೆ ಅಳತೆ ಮಾಡಿ ಬೇರೆ ನಂಬರು ಕೊಟ್ಟರು? ಎಷ್ಟರ ಮೂಲ ಕಡತ ಇದೆ? ಹೇಮಾವತಿ ಅಣೆಕಟ್ಟಿಗೆ ಊರು ಬಿಟ್ಟವರಿಗೆ ಕೊಟ್ಟಿದ್ದರಲ್ಲಿ ಎಷ್ಟು ಅವರ ಕೈಯಲ್ಲೇ ಉಳಿದಿದೆ? ಸಮಿತಿ ವಿಧಾನಸೌಧದಲ್ಲಿ ಕೂತರೆ ಇದು ಸಿಗುವುದಿಲ್ಲ. ತಾಲ್ಲೂಕಿನ ರೆಕಾರ್ಡ್ ರೂಮಿಗೆ ಬರಬೇಕು. ಮನವಿಯಲ್ಲಿ ಆ ಒಂದು ಮಾತು ಸೇರಿಸಿ ಅಂತ ನಿಮ್ಮ ಊರಿನವರಿಗೆ ಹೇಳಿ.

ಯಾಕೆ ಅಂದರೆ, ಕಂದಾಯ ಇಲಾಖೆಯ ನನ್ನ ನೌಕರಿಯಲ್ಲಿ ಆರು ವರ್ಷ ಮಲೆನಾಡಿನ ಒಂದು ರೆಕಾರ್ಡ್ ರೂಮಿನಲ್ಲೇ ಕಳೆಯಿತು. ಮಳೆಗಾಲದಲ್ಲಿ ಹೆಂಚು ಸೋರುತ್ತಿತ್ತು. ಒಂದು ಆಷಾಢದಲ್ಲಿ ಅರವತ್ತರ ದಶಕದ ದರಖಾಸ್ತು (ಸರ್ಕಾರಿ ಜಮೀನು ಕೇಳಿ ಹಾಕಿದ ಅರ್ಜಿ) ಕಡತಗಳ ಕಟ್ಟು ಬಿಚ್ಚಿದೆ. ಕಟ್ಟಿದ ಕೆಂಪು ಬಟ್ಟೆ ಉಳಿದಿತ್ತು, ಒಳಗೆ ಗೆದ್ದಲು ಮಣ್ಣು. ಆ ಕಟ್ಟಿನಲ್ಲಿದ್ದ ಕಡತದ ನಕಲಿಗೇ ಅರ್ಜಿ ಹಾಕಿದ್ದ ಒಬ್ಬ ಅಜ್ಜ ಬಾಗಿಲಲ್ಲಿ ನಿಂತಿದ್ದರು. 'ಕಡತ ಲಭ್ಯವಿಲ್ಲ' ಅಂತ ಹಿಂಬರಹ, ಅಂದರೆ ಅರ್ಜಿಗೆ ಕಚೇರಿಯ ಲಿಖಿತ ಉತ್ತರ, ಬರೆದುಕೊಟ್ಟವನು ನಾನೇ. ಅವರು ಅದನ್ನು ಹಕ್ಕುಪತ್ರವೇನೋ ಅನ್ನೋ ಹಾಗೆ ಮಡಿಚಿ ಒಳಜೇಬಿಗೆ ಇಟ್ಟುಕೊಂಡರು. ಅವರ ಮುಖ ಇನ್ನೂ ಕಣ್ಣ ಮುಂದಿದೆ.

ಈಗ ನಿಮ್ಮ ಕೆಲಸ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಪಿ.ಟಿ.ಸಿ.ಎಲ್. (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆ ಇದೆ. ಜಾರಿಗೆ ಬಂದಿದ್ದು 1979ರ ಜನವರಿ 1ಕ್ಕೆ. ಅದಕ್ಕೆ ಮುಂಚೆ ಮಾರಿದ್ದರೂ, ಮಂಜೂರಾತಿಯ ಷರತ್ತು ಮುರಿದಿದ್ದರೆ ಆ ಮಾರಾಟ ಅಸಿಂಧು. ಷರತ್ತು ಆಯಾ ಕಾಲದ ನಿಯಮದ ಮೇಲೆ ಹೋಗುತ್ತದೆ. ಕೆಲವದರಲ್ಲಿ 15 ವರ್ಷ ಮಾರಬಾರದು ಅಂತ ಇರುತ್ತದೆ, ಕೆಲವದರಲ್ಲಿ ಎಂದೆಂದಿಗೂ ಮಾರಬಾರದು ಅಂತ. ಆದ್ದರಿಂದ ನಿಮ್ಮ ಚೀಟಿಯಲ್ಲಿ ಷರತ್ತು ಬರೆದಿರುವ ಭಾಗ ಉಳಿದಿದೆಯಾ ನೋಡಿ. ಇನ್ನೊಂದು ವಿಷಯ, ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಊರ ಚಾಕರಿಗೆ ಬಂದ ಜಮೀನಿಗೆ ಈ ಕಾಯ್ದೆ ಬರುವುದಿಲ್ಲ. ನಿಮ್ಮದು ದರಖಾಸ್ತು ಮಂಜೂರಾತಿಯೇ ಅಂತ ಖಚಿತ ಮಾಡಿಕೊಳ್ಳಿ.

ಮೊದಲು ತಾಲ್ಲೂಕು ಕಚೇರಿಯಲ್ಲಿ ಮೂಲ ಕಡತದ ನಕಲಿಗೆ ಅರ್ಜಿ ಕೊಡಿ. ಕಡತ ಇಲ್ಲ ಅಂದರೆ ಬಾಯಿಮಾತಿಗೆ ವಾಪಸ್ ಬರಬೇಡಿ, ಹಿಂಬರಹ ಕೇಳಿ. ಸಾಗುವಳಿ ಚೀಟಿ ರಿಜಿಸ್ಟರ್ ಬೇರೆ ಇರುತ್ತದೆ, ಅದರ ನಕಲು ಕೇಳಿ. ಕೈಬರಹದ ಹಳೇ ಪಹಣಿ, ಮ್ಯುಟೇಶನ್ ತೆಗೆಸಿ. ಕ್ರಯ ಆದ ತಾರೀಖು ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ ಸಿಗುತ್ತದೆ. ಇಷ್ಟು ಹಿಡಿದು ಸಕಲೇಶಪುರದ ಎ.ಸಿ. (ಉಪವಿಭಾಗಾಧಿಕಾರಿ) ಅವರಿಗೆ ಜಮೀನು ವಾಪಸ್ ಕೊಡಿಸಿ ಅಂತ ಅರ್ಜಿ ಹಾಕಿ. ಅಲ್ಲಿ ಆಗದಿದ್ದರೆ ಡಿ.ಸಿ. (ಜಿಲ್ಲಾಧಿಕಾರಿ) ಹತ್ತಿರ ಮೇಲ್ಮನವಿ.

ತಡವಾಯಿತಲ್ಲ ಅನ್ನೋ ಭಯ ಇರುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ, ಇಂಥ ಅರ್ಜಿಯನ್ನು ಸಮಂಜಸವಾದ ಸಮಯದೊಳಗೆ ಹಾಕಬೇಕು ಅಂದಿತು. 2023ರಲ್ಲಿ ನಮ್ಮ ವಿಧಾನಮಂಡಲ ಕಾಯ್ದೆ ತಿದ್ದಿ ಕಾಲಮಿತಿ ಇಲ್ಲ ಅಂತ ಸೇರಿಸಿತು. ಆದರೂ ತಡದ ಪ್ರಶ್ನೆ ಕೋರ್ಟುಗಳಲ್ಲಿ ಏಳುತ್ತಲೇ ಇದೆ. ನಿಮ್ಮ ಅರ್ಜಿ ಈ ತಿಂಗಳೇ ಹೋಗಲಿ ಅಂತ ನಾನು ಒತ್ತಿ ಹೇಳುವುದು ಅದಕ್ಕೇ. ವಕೀಲರ ಫೀಸಿನ ಚಿಂತೆ ಬೇಡ. ಪರಿಶಿಷ್ಟ ಜಾತಿಯವರಿಗೂ ಹೆಂಗಸರಿಗೂ ಕಾನೂನು ನೆರವು ಉಚಿತ. ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಆ ಹರಿದ ಚೀಟಿಯನ್ನು ಲ್ಯಾಮಿನೇಶನ್ ಮಾಡಿಸಬೇಡಿ. ಎರಡೂ ಬದಿ ಜೆರಾಕ್ಸ್ ತೆಗೆಸಿ, ಎಲ್ಲ ಕಡೆಗೂ ಜೆರಾಕ್ಸನ್ನೇ ಕೊಡಿ. ಅಸಲು ನಿಮ್ಮ ಮನೆಯಲ್ಲೇ ಇರಲಿ. ಎ.ಸಿ. ಕೋರ್ಟಿನಲ್ಲಿ ಕೇಳಿದ ದಿನ ನೀವೇ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ.